ಏಳು ಮಾರು ಹಗ್ಗ

2023ರ ಜುಲೈ 22, ಶನಿವಾರ, ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಕ್ರೇನಿನ ಪಟ್ಟಿಗಳು ಸಡಿಲವಾದವು. ಮುಂಬೈಯಿಂದ ಲಾರಿಯ ಮೇಲೆ ಬಂದಿದ್ದ ಬಿಳಿಯ ಹಾಯಿದೋಣಿ ಹೇಮಾವತಿಯ ಹಿನ್ನೀರಿನಲ್ಲಿ ಒಮ್ಮೆ ಮುಳುಗಿದಂತೆ ಮಾಡಿ, ಎದ್ದು, ತೇಲಿತು.

ನನ್ನದು ಹೂಳಿನ ಲೆಕ್ಕ. ಭೂವಿಜ್ಞಾನ ಓದಿ ಒಂದು ಖಾಸಗಿ ಸಮೀಕ್ಷೆ ಸಂಸ್ಥೆ ಸೇರಿದ್ದೆ. ಹಿನ್ನೀರಿನ ತಳದಲ್ಲಿ ಎಷ್ಟು ಮಣ್ಣು ಕೂತಿದೆ ಎಂದು ಅಳೆಯಲು ಕಟ್ಟಾಯ ಹೋಬಳಿಯ ಅಂಚಿನ ಈ ಕಡವಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹೊಳೆನರಸೀಪುರದ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತೆಂದು ಕಡವಿನಲ್ಲಿ ಟೀ ಅಂಗಡಿ ಇಟ್ಟಿರುವ ಪುಟ್ಟತಾಯಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದಂಡೆಯಲ್ಲಿ ನೆಟ್ಟಿದ್ದ ಅಳತೆಪಟ್ಟಿ ನೋಡಿ ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನೀರಿನ ಮಟ್ಟ ಬರೆದುಕೊಳ್ಳುವುದು ನನ್ನ ಕೆಲಸದ ಮೊದಲ ಸಾಲು.

ಕಡವು ಎಂದರೆ ಹಳೆಯ ಕಾಲದ ಸುಮ್ಮನಿರುವ ಜಾಗವಲ್ಲ. ಎರಡು ಪ್ರವಾಸಿ ಲಾಂಚು, ಹತ್ತಾರು ಹರಿಗೋಲು, ನನ್ನ ಸಮೀಕ್ಷೆಯ ತೆಪ್ಪ, ಇವೆಲ್ಲದರ ಪೂರ್ವಕ್ಕೆ ಮೀನು ಸಾಕುವ ಪಂಜರಗಳ ಸಾಲು. ಹನ್ನೊಂದು ಮನೆಯವರು ಸೇರಿ ಮಾಡಿರುವ ಪಂಜರಗಳು ಅವು. ಕಬ್ಬಿಣದ ಚೌಕಟ್ಟುಗಳು ಡ್ರಮ್ಮಿನ ಮೇಲೆ ತೇಲುತ್ತವೆ, ಕೆಳಗೆ ಬಲೆ ಇಳಿಬಿದ್ದಿರುತ್ತದೆ, ಬಲೆಯೊಳಗೆ ಮರಿಗಳು. ಹೊಸದಾಗಿ ಬಂದ ದೋಣಿಗೆ ಇವುಗಳ ನಡುವೆ ಜಾಗ ಹುಡುಕಬೇಕಿತ್ತು.

"ಅದೇನವ್ವ ತನ್ಮಯಿ, ಅಷ್ಟುದ್ದ ಕಂಬ ನೆಟ್ಟವ್ರೆ?" ಪುಟ್ಟತಾಯಮ್ಮ ಅಂಗಡಿಯಿಂದಲೇ ಕೇಳಿದರು.

"ಬಟ್ಟೆ ಕಟ್ತಾರೆ ಅಜ್ಜಿ. ಗಾಳಿಗೆ ದೋಣಿ ಓಡುತ್ತೆ."

"ನನ್ ಅಂಗ್ಡಿ ತಗಡು ಬಟ್ಟೆ ಇಲ್ದಲೇ ಓಡ್ತದೆ. ಆಷಾಢ ಮುಗೀತು, ಗಾಳಿಗೆ ಯಾರೂ ಯೋಳಿಲ್ಲ."

ಗಾಳಿಗಾಗಿಯೇ ರಜನೀಶ್ ಬಂದಿದ್ದ. ಹಾಸನದಲ್ಲಿ ಹುಟ್ಟಿ ಇಪ್ಪತ್ತು ವರ್ಷದಿಂದ ಮುಂಬೈ ಬಂದರಿನಲ್ಲಿ ಹಾಯಿದೋಣಿ ನಡೆಸುವವನು. ಪಡುವಣದಿಂದ ಒಂದೇ ಸಮ ಬೀಸುವ ಈ ಗಾಳಿಯಲ್ಲಿ ನಾಲ್ಕು ದಿನದ ತರಬೇತಿ ಶಿಬಿರ ಮಾಡುವುದು ಅವನ ಯೋಜನೆ. ದೋಣಿಯ ಅಡಿಗೆ ನೀರಿನೊಳಕ್ಕೆ ಒಂದೂಮುಕ್ಕಾಲು ಮೀಟರ್ ಇಳಿಬಿದ್ದ ಭಾರದ ಹಲಗೆ ಇದ್ದುದರಿಂದ ಅದು ದಂಡೆಗೆ ಬರುವಂತಿರಲಿಲ್ಲ. ಆಳದಲ್ಲಿ ಲಂಗರು ಹಾಕಿ ನಿಲ್ಲಿಸಬೇಕು, ಸ್ಥಳೀಯರೊಬ್ಬರು ಕಾಯಬೇಕು. ಯಾರು ಎಂದು ಅವನು ಕೇಳಿದಾಗ ನಾನು ಕಾಂತರಾಜುವಿನ ಹೆಸರು ಹೇಳಿದ್ದೆ. ಪುಟ್ಟತಾಯಮ್ಮನ ಮಗ. ತೆಪ್ಪದ ಕೆಲಸಕ್ಕೆ ಅವನು ನನ್ನ ಜೊತೆಗಿದ್ದ ನಾಲ್ಕು ತಿಂಗಳಲ್ಲಿ ಮಣ್ಣಿನ ಮಾದರಿಯ ಒಂದು ಬಾಟಲಿಯೂ ನೀರಿಗೆ ಬಿದ್ದಿರಲಿಲ್ಲ. ಅವನ ಬಗ್ಗೆ ನನಗೆ ಗೊತ್ತಿದ್ದುದು ಅದು. ಕಡವಿಗೆ ಗೊತ್ತಿದ್ದುದು ಬೇರೆ.

ಎರಡು ವರ್ಷದ ಹಿಂದೆ ಮೀನಿನ ಮೇವು ಇಡುವ ಡ್ರಮ್ ತೆಪ್ಪವನ್ನು ಪಂಜರಗಳ ಪಕ್ಕ ಕಟ್ಟಿದ್ದವನು ಕಾಂತರಾಜು. ಒಂದು ಬೆಳಿಗ್ಗೆ ತೆಪ್ಪ ತೇಲಿಹೋಗಿ ಎರಡು ಪಂಜರಗಳನ್ನು ಹರಿದಿತ್ತು. ಮರಿಗಳೆಲ್ಲ ಹೊಳೆಪಾಲು. ಗಂಟು ಬಿಚ್ಚಿಕೊಂಡಿತು ಎಂದು ಎಲ್ಲರೂ ಹೇಳಿದರು. ಅವನೂ ಬೇರೆ ಕಾರಣ ಕಾಣದೆ ಒಪ್ಪಿಕೊಂಡ. ಅಂದಿನಿಂದ ಅವನು ತನ್ನ ಹರಿಗೋಲು ಬಿಟ್ಟರೆ ಬೇರೆ ಯಾರದನ್ನೂ ಕಟ್ಟಿರಲಿಲ್ಲ.

ಪಂಜರದ ಗುಂಪಿನ ಮುಖಂಡ ಬಸವರಾಜು ಲುಂಗಿ ಎತ್ತಿಕಟ್ಟಿ ನೀರಂಚಿಗೆ ಬಂದ. "ಏನ್ಲಾ ಕಾಂತ, ಇದ್ಕೂ ನೀನೇ ಗಂಟಾಕ್ತಿಯಾ? ನಮ್ ಮರಿಗಳ್ಗೆ ಈಗ್ಲೇ ಯೋಳ್ಬುಡ್ತೀನಿ, ಹೊಂಡ್ರಪ್ಪಾ ಅಂತ."

ನಿಂತವರು ನಕ್ಕರು. ಕಾಂತರಾಜುವೂ ನಕ್ಕ, ಸ್ವಲ್ಪ ತಡವಾಗಿ.

"ನಗಾಡ್ಬ್ಯಾಡ. ಮೇಡಮ್ಮೋರು ಯೋಳವ್ರೆ ಅಂತ ಸುಮ್ಕಿವ್ನಿ," ಎಂದ ಬಸವರಾಜು. "ಇದೂ ಬಿಚ್ಕಂಡ್ ಬಂದು ಪಂಜರಕ್ಕೆ ತಾಕ್ತೋ, ಈ ಕಡವ್ನಲ್ಲಿ ನೀನಿನ್ನು ಹಗ್ಗ ಮುಟ್ಟಂಗಿಲ್ಲ. ನಿನ್ ಹರಗೋಲೂ ಇಲ್ಲಿರಂಗಿಲ್ಲ. ಆಯ್ತಾ?"

"ಆಯ್ತು," ಎಂದ ಕಾಂತರಾಜು.

ಆ ಹರಿಗೋಲಿನಲ್ಲಿಯೇ ಅವನ ಮನೆ ನಡೆಯುತ್ತಿತ್ತು. ಹೆಸರು ಸೂಚಿಸಿದವಳು ನಾನು. ಪಣಕ್ಕೆ ಬಿದ್ದವನು ಅವನು. ಇದು ನನಗೆ ಆ ಕ್ಷಣದಲ್ಲಿಯೇ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಆಗ ಆಳದ ಲೆಕ್ಕದಲ್ಲಿದ್ದೆ.

ಪಂಜರಗಳಿಗೂ ಲಾಂಚುಗಳಿಗೂ ನಡುವೆ ಒಂದು ಜಾಗ ಗೊತ್ತಾಯಿತು. ಕಾಂತರಾಜು ಹರಿಗೋಲಿನಲ್ಲಿ ನಿಂತು ದಾರಕ್ಕೆ ಕಟ್ಟಿದ ಕಲ್ಲನ್ನು ತಳಕ್ಕೆ ಇಳಿಬಿಟ್ಟು, ಮೇಲೆಳೆಯುತ್ತ ಎರಡೂ ತೋಳು ಚಾಚಿ ಅಳೆದ. "ಐದು ಮಾರು." ಅವನ ಮಾರನ್ನು ನಾನು ಹಿಂದೆಯೇ ಟೇಪಿನಲ್ಲಿ ಅಳೆದಿದ್ದೆ: 1.65 ಮೀಟರ್. ಐದು ಮಾರೆಂದರೆ 8.25. ನನ್ನ ಯಂತ್ರ 8.2 ತೋರಿಸಿತು. ಎರಡಕ್ಕೂ ಐದು ಸೆಂಟಿಮೀಟರ್ ವ್ಯತ್ಯಾಸ. ನನಗೆ ಅವನ ಬಗ್ಗೆ ಹೆಮ್ಮೆಯೆನಿಸಿತು.

ಆಗ ಅವನು ಗೋಣಿಚೀಲದಿಂದ ಹೊಸ ತೆಂಗಿನ ನಾರಿನ ಹಗ್ಗ ತೆಗೆದ. ಎರಡು ಬೆರಳು ದಪ್ಪ. ಗುರುವಾರವೇ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿ, ಅಂಗಡಿಯವನ ಮಾರಿನಲ್ಲಿ ನಂಬಿಕೆಯಿಲ್ಲದೆ ತನ್ನ ತೋಳಿನಲ್ಲೇ ಅಳೆಸಿ ತಂದಿದ್ದ.

"ಏಳು ಮಾರು ಐತೆ ಸಾ. ನೀರು ಐದು, ಆರೇ ಇದ್ರೂ ಕೈಗೊಂದು ಉಳೀತದೆ."

ರಜನೀಶ್ ಹಗ್ಗವನ್ನು ನೋಡಿದ, ಅವನನ್ನು ನೋಡಿದ. "ಅಣ್ಣಾ, ಇದೇನು ಬಾವೀನಾ? ಕೊಡ ಇಳಿಸ್ತೀಯಾ?"

ಈ ಸಲದ ನಗು ದೊಡ್ಡದಾಗಿತ್ತು. "ರಾಟೆ ತಂದಿದ್ದೀಯೇನ್ಲಾ?" ಎಂದು ಬಸವರಾಜು ಸೇರಿಸಿದ. ಕಾಂತರಾಜು ಹಗ್ಗವನ್ನು ಸುತ್ತು ಸುತ್ತಾಗಿ ಜೋಡಿಸಿ ಚೀಲಕ್ಕೆ ಹಾಕಿದ.

ತಪ್ಪು ಅವನೊಬ್ಬನದಲ್ಲ. ಬಾವಿಯ ನೀರು ಸೇದಿ ಬದುಕಿದ ಊರಿನಲ್ಲಿ ಹಗ್ಗದ ಉದ್ದವೆಂದರೆ ನೀರಿನ ಆಳ, ಜೊತೆಗೆ ಕೈಗೆ ಒಂದಿಷ್ಟು. ನಾನು ಪುಸ್ತಕ ತೆರೆದು ಚಿತ್ರ ಬರೆದು ತೋರಿಸಿದೆ. ಲಂಗರು ಭಾರದಿಂದ ನಿಲ್ಲುವುದಿಲ್ಲ, ಮಣ್ಣು ಕಚ್ಚಿ ನಿಲ್ಲುತ್ತದೆ. ಹಗ್ಗ ನೆಟ್ಟಗೆ ಮೇಲಿನಿಂದ ಎಳೆದರೆ ಕಿತ್ತು ಬರುತ್ತದೆ. ಉದ್ದ ಹಗ್ಗ ದೂರದಿಂದ ಓರೆಯಾಗಿ ಎಳೆದರೆ ಇನ್ನೂ ಆಳಕ್ಕೆ ಹೂಳುತ್ತದೆ.

ಕಾಂತರಾಜು ಚಿತ್ರವನ್ನು ಒಂದು ಕ್ಷಣ ನೋಡಿದ. "ನೇಗ್ಲು," ಎಂದ. "ಮೇಲಕ್ಕೆ ಎಳುದ್ರೆ ನೆಲ ಬಿಟ್ಟು ಬತ್ತದೆ. ಎತ್ತು ಮುಂದಕ್ಕೋಗಿ ತಗ್ಗಲ್ಲಿ ಎಳುದ್ರೆ ಇಳೀತದೆ. ಅಷ್ಟೇ ಅಲ್ವಾ?"

ಅಷ್ಟೇ. ನನಗೆ ಅರ್ಧ ಪುಟ ಬೇಕಾಗಿತ್ತು.

ರಜನೀಶ್ ತನ್ನ ನೈಲಾನ್ ಹಗ್ಗ ತೆಗೆದ. ಒಟ್ಟು ಮೂವತ್ತು ಮೀಟರ್. ಬಯಲು ನೀರಾದರೆ ಆಳದ ಐದು ಪಟ್ಟು, ಗಾಳಿಯಾದರೆ ಏಳು ಪಟ್ಟು ಬಿಡಬೇಕು, ಆದರೆ ಅಷ್ಟು ಬಿಟ್ಟರೆ ಗಾಳಿ ದೋಣಿಯನ್ನು ಪೂರ್ವದ ಪಂಜರಗಳ ಮೇಲೆಯೇ ತಂದು ನಿಲ್ಲಿಸುತ್ತದೆ ಎಂದ. "ಮುಂಬೈನಲ್ಲೂ ಹಿಂಗೇ ರಶ್ಶು. ದೋಣಿ ಪಕ್ಕ ದೋಣಿ. ಮೂರು ಪಟ್ಟಿಗೆ ಅಡ್ಜಸ್ಟ್ ಮಾಡ್ಕೋತೀವಿ. ಅಲ್ಲಿ ಸಮುದ್ರ ದಿನಾ ನಾಲ್ಕು ಮೀಟರ್ ಏರುತ್ತೆ, ಇಳಿಯುತ್ತೆ, ಅದರ ಲೆಕ್ಕ ಬೇರೆ ಹಿಡೀಬೇಕು. ಇಲ್ಲಿ ಆ ತಲೆನೋವಿಲ್ಲ. ನೀರು ಇದ್ದ ಹಾಗೇ ಇರುತ್ತೆ."

ಕಾಂತರಾಜು ಅಳತೆಪಟ್ಟಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಬಾಯಿ ತೆರೆದ.

"ಏನಣ್ಣ?" ಎಂದ ರಜನೀಶ್.

"ಏನಿಲ್ಲ ಸಾ."

ನಾನು ಬರೆದುಕೊಂಡೆ: ಆಳ 8.2, ನೀರಿನಿಂದ ದೋಣಿಯ ಮೂತಿಯ ಎತ್ತರ 0.8, ಒಟ್ಟು 9.0 ಮೀಟರ್, ಬಿಟ್ಟ ಹಗ್ಗ 27, ಮೂರು ಪಟ್ಟು. ಕೆಳಗೆ ಗೆರೆಯನ್ನೂ ಎಳೆದೆ. ದೋಣಿಯ ಹಿಂಬದಿಗೂ ಹತ್ತಿರದ ಪಂಜರಕ್ಕೂ ಇಪ್ಪತ್ತು ಮೀಟರ್. ಅದೇ ಪುಟದ ಮೇಲ್ತುದಿಯಲ್ಲಿ, ಒಂದು ಗೇಣು ದೂರದಲ್ಲಿ, ಐದು ಗಂಟೆಗೆ ನಾನೇ ಬರೆದ ಇನ್ನೊಂದು ಸಾಲಿತ್ತು: ಬೆಳಿಗ್ಗೆಯಿಂದ ನೀರು 0.61 ಮೀಟರ್ ಏರಿದೆ. ಸಕಲೇಶಪುರದ ಕಡೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಎರಡು ಸಾಲುಗಳನ್ನೂ ಬರೆದ ಕೈ ಒಂದೇ. ಒಂದು ಸಾಲು ಇನ್ನೊಂದರ ಬಗ್ಗೆ ಏನು ಹೇಳುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ದೋಣಿಯ ಮೋಟರ್ ಮರುದಿನ ಇನ್ನೊಂದು ಗಾಡಿಯಲ್ಲಿ ಬರಬೇಕಿತ್ತು. ರಜನೀಶ್ ಮೂತಿಯ ಗೂಟಕ್ಕೆ ಹಗ್ಗ ಸುತ್ತಿ, "ನಾನು ಬರೋವರೆಗೂ ಯಾರೂ ಇದನ್ನು ಮುಟ್ಟಬೇಡಿ. ನೀವೂ ಅಷ್ಟೇ ಅಣ್ಣ, ನೋಡ್ಕೊಂಡಿದ್ರೆ ಸಾಕು" ಎಂದು ಹೇಳಿ ಹಾಸನದ ಲಾಡ್ಜಿಗೆ ಹೋದ.

ಭಾನುವಾರ ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ನಾನು ಕಡವಿಗೆ ಬಂದಾಗ ಕಾಂತರಾಜು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ನಿನ್ನೆ ಅವನು ಕೂತಿದ್ದ ಕಲ್ಲು ಕಾಣುತ್ತಿರಲಿಲ್ಲ.

"ಬೇಗ ಎದ್ದಿರಾ?"

"ಮಲಗಿದ್ರಲ್ವಾ ಮೇಡಂ ಏಳಕ್ಕೆ."

ಅಳತೆಪಟ್ಟಿ ನೋಡಿದೆ. ಸಂಜೆಯಿಂದ 1.9 ಮೀಟರ್. ತಪ್ಪಿರಬಹುದೆಂದು ಮತ್ತೊಮ್ಮೆ ನೋಡಿದೆ.

"ದೋಣಿ ಕಂಬ ನೆನ್ನೆ ಆಚೆ ದಡದ ಹುಣ್ಸೆಮರದ ನೇರಕ್ಕಿತ್ತು," ಎಂದ ಅವನು, ಕೈ ಎತ್ತಿ ಗುರಿ ಹಿಡಿದವನಂತೆ. "ಬೆಳಕಾದಾಗ ನೋಡ್ದೆ, ಮರ ಬಿಟ್ಟು ಬೇಲಿ ಕಡೀಕೆ ಬಂದಿತ್ತು. ಈಗ ಬೇಲೀನೂ ದಾಟ್ತಾ ಐತೆ. ಲಂಗ್ರು ಬತ್ತಾ ಐತೆ ಮೇಡಂ."

ದೋಣಿಯ ಹಿಂಬದಿಗೂ ಪಂಜರಕ್ಕೂ ಹದಿನಾರು ಮೀಟರ್ ಇದ್ದೀತು. ಲೆಕ್ಕ ಈಗ ತಾನಾಗಿಯೇ ಬಂತು. ಒಂಬತ್ತಲ್ಲ, 10.9. ಅದರ ಮೂರು ಪಟ್ಟಿಗೆ ಹಗ್ಗ ಸಾಲದು; ಎರಡೂವರೆ ಪಟ್ಟೂ ಇಲ್ಲ. ಲಂಗರನ್ನು ಹಗ್ಗ ಮೇಲಕ್ಕೆತ್ತುತ್ತಿದೆ, ಅದು ನೆಲ ಗೀರುತ್ತ ಬರುತ್ತಿದೆ. ನೀರು ಗಂಟೆಗೆ ಹದಿನಾಲ್ಕು ಹದಿನೈದು ಸೆಂಟಿಮೀಟರಿನಂತೆ ಇನ್ನೂ ಏರುತ್ತಿದೆ.

ರಜನೀಶನಿಗೆ ಫೋನ್ ಮಾಡಿದೆ. ಎರಡು ಸಲವೂ ಎತ್ತಲಿಲ್ಲ. ಲಾಂಚಿನ ಚಾಲಕರು ಒಂಬತ್ತಕ್ಕೆ ಮೊದಲು ಬರುವವರಲ್ಲ.

"ನೀರು ಬರುತ್ತೆ ಅಂತ ನಿಮಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು. ನೆನ್ನೆ ಯೋಳಾಣ ಅಂದ್ಕಂಡೆ. ಬಾವಿ ಹಗ್ಗ ತಂದೋನು ಯಾವ್ ಬಾಯಲ್ಲಿ ಯೋಳ್ಲಿ?"

ನನಗೂ ಗೊತ್ತಿತ್ತು. ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ನನಗೆ ಆ ನೆಪವೂ ಇರಲಿಲ್ಲ.

ಅವನು ನೀರನ್ನೇ ನೋಡುತ್ತಿದ್ದ. "ಅವತ್ತು ಆ ಡ್ರಮ್ ತೆಪ್ಪಕ್ಕೂ ನೆಟ್ಟಗೇ ಕಲ್ ಬಿಟ್ಟಿದ್ದೆ. ಆಳಕ್ಕೆ ಸರಿಯಾಗಿ, ಕೈಗೆ ಒಂದ್ ಮಾರು. ರಾತ್ರಿ ನೀರ್ ಬಂತು." ಗೋಣಿಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. "ಹಂಗಾರೆ ಗಂಟು ಬಿಚ್ಚಿರ್ನಿಲ್ಲ ಕಣ್ ಮೇಡಂ. ತೆಪ್ಪ ಕಲ್ಲನ್ನೇ ಎತ್ಕಂಡ್ ಓಗೈತೆ."

ನಾನು ಉತ್ತರಿಸುವ ಮೊದಲೇ ಎದ್ದು ಗೋಣಿಚೀಲ ಹೆಗಲಿಗೆ ಹಾಕಿಕೊಂಡ.

ಹರಿಗೋಲಿನಲ್ಲಿ ದೋಣಿಯ ಮೂತಿಗೆ ಹೋದೆವು. ನಾನು ದೋಣಿಯ ಅಂಚು ಹಿಡಿದುಕೊಂಡೆ, ಅವನು ಹತ್ತಿದ. ಮಾಡಬೇಕಾದುದು ಇಬ್ಬರಿಗೂ ಗೊತ್ತಿತ್ತು. ಜಾರುವ ಲಂಗರನ್ನು ನಿಲ್ಲಿಸಲು ಹಗ್ಗ ಎಳೆಯಬಾರದು, ಬಿಡಬೇಕು. ಉಳಿದಿದ್ದ ಮೂರು ಮೀಟರ್ ನೈಲಾನಿಗೆ ಏಳು ಮಾರಿನ ಹಗ್ಗ ಸೇರಿಸಿ ಬಿಟ್ಟರೆ, ಗಂಟುಗಳಿಗೆ ಹೋಗುವುದನ್ನು ಕಳೆದು, ದೋಣಿ ಹದಿಮೂರು ಮೀಟರ್ ಹಿಂದಕ್ಕೆ ಹೋಗುತ್ತದೆ. ಹದಿನಾರರಲ್ಲಿ ಹದಿಮೂರು ಕಳೆದರೆ ಮೂರು. ಆ ಮೂರು ಮೀಟರಿನೊಳಗೆ ಲಂಗರು ಕಚ್ಚಬೇಕು. ತಳದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನಾನೇ ಮಾದರಿ ತೆಗೆದಿದ್ದೆ. ನಲವತ್ತು ಸೆಂಟಿಮೀಟರ್ ಸಡಿಲ ಹೂಳು, ಅದರಡಿ ಗದ್ದೆಯ ಜೇಡಿ. ಜೇಡಿಗೆ ಇಳಿದರೆ ನಿಲ್ಲುತ್ತದೆ.

ಕಾಂತರಾಜು ನಾರಿನ ಹಗ್ಗದ ತುದಿಯನ್ನು ಮಡಿಸಿ ಕುಣಿಕೆ ಮಾಡಿದ, ನೈಲಾನಿನ ತುದಿಯನ್ನು ಅದರೊಳಗಿಂದ ತಂದು, ಹಿಂದಿನಿಂದ ಸುತ್ತಿ ತನ್ನಡಿಗೇ ಸಿಕ್ಕಿಸಿದ.

"ಯಾವ ಗಂಟು?"

"ಎತ್ತು ಕಟ್ಟೋ ಕಣ್ಣಿ ಗಂಟು." ನೈಲಾನನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಜಾರ್ತದೆ" ಎಂದು ಇನ್ನೊಂದು ಸುತ್ತು ಹಾಕಿದ. ನಾರಿನ ಹಗ್ಗದ ಇನ್ನೊಂದು ತುದಿಯನ್ನು ಗೂಟಕ್ಕೆ ಭದ್ರ ಮಾಡಿದ. ಆಮೇಲೆ ರಜನೀಶ್ ಮುಟ್ಟಬೇಡಿ ಎಂದಿದ್ದ ಸುತ್ತುಗಳನ್ನು ಬಿಚ್ಚತೊಡಗಿದ.

ದಂಡೆಯಿಂದ ಕೂಗು ಬಂತು. ಬಸವರಾಜು ಮರಿಗಳಿಗೆ ಮೇವು ಹಾಕಲು ಬಂದವನು, ಕೈಯಲ್ಲಿ ಬಕೀಟು. "ಏಯ್! ಏನ್ಲಾ ಮಾಡ್ತಿದ್ದೀ? ಬಿಚ್ಚಬ್ಯಾಡ ಕಣ್ಲಾ!"

ಕಾಂತರಾಜು ಹಗ್ಗವನ್ನು ಕೈಯಿಂದ ಕೈಗೆ ಬಿಡುತ್ತಿದ್ದ. ದೋಣಿ ಹಿಂದಕ್ಕೆ ಸರಿಯಿತು.

"ಎಳೀಲಾ! ಎಳ್ಕಳಾ ಅಂದ್ರೆ ಬಿಡ್ತಾವ್ನಲ್ಲಪ್ಪಾ! ಮೇಡಂ, ನೀವಾದ್ರೂ ಯೋಳ್ರೀ!" ಬಸವರಾಜು ಬಕೀಟು ಅಲ್ಲೇ ಬಿಟ್ಟು ತನ್ನ ಹರಿಗೋಲಿಗೆ ಹಾರಿದ.

ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಪುಟ್ಟತಾಯಮ್ಮ, "ಕೂಗ್ಬ್ಯಾಡ ಬಸ್ರಾಜ, ಗಂಟ್ಗೆ ಕಿವಿ ಇಲ್ಲ" ಎಂದರು. ಅವರ ದನಿ ಮಾತ್ರ ಎಂದಿನಂತಿರಲಿಲ್ಲ.

ಹೊರಗಿನವರ ಕಣ್ಣಿಗೆ ಅದು ಹೇಗೆ ಕಂಡಿರಬೇಕೆಂದು ನನಗೆ ಈಗಲೂ ಯೋಚನೆಯಾಗುತ್ತದೆ. ಒಮ್ಮೆ ಬಿಟ್ಟವನೆಂದು ಹೆಸರಾದ ಮನುಷ್ಯ, ಎಲ್ಲರೆದುರು, ಹಗಲು ಬೆಳಕಿನಲ್ಲಿ, ಮತ್ತೆ ಬಿಡುತ್ತಿದ್ದಾನೆ. ವಿವರಿಸಲು ಅವನಿಗೆ ಸಮಯವಿರಲಿಲ್ಲ. ವಿವರಿಸಿದ್ದರೂ ನೇಗಿಲಿನ ಮಾತು ಆ ಗಾಳಿಯಲ್ಲಿ ದಂಡೆ ಮುಟ್ಟುತ್ತಿರಲಿಲ್ಲ.

ನೈಲಾನ್ ಮುಗಿದು ಗಂಟು ನೀರಿಗಿಳಿಯಿತು. ಆಮೇಲೆ ನಾರು, ಒಂದು ಮಾರು, ಎರಡು. ನಾನು ಅವನ ತೋಳುಗಳನ್ನು ಎಣಿಸುತ್ತಿದ್ದೆ. ಆರನೆಯದಕ್ಕೆ ಅವನು ಕೈ ತೆಗೆದ. ಉಳಿದದ್ದು ತಾನಾಗಿ ಹೋಗಿ, ಹಗ್ಗ ಗೂಟದಿಂದ ನೀರಿನವರೆಗೆ ನೆಟ್ಟಗಾಯಿತು. ನಾರಿನೊಳಗಿಂದ ನೀರು ಹಿಂಡಿ ಹನಿಯಿತು. ದೋಣಿ ನಿಲ್ಲಲಿಲ್ಲ. ಇನ್ನೂ ಅರ್ಧ ಮೀಟರ್, ಇನ್ನೂ ಸ್ವಲ್ಪ. ಪಂಜರದ ಚೌಕಟ್ಟಿನ ಮೇಲೆ ಕೂತಿದ್ದ ನೀರುಕಾಗೆ ಎದ್ದು ಹಾರಿತು. ಆಗ ಮೂತಿ ಸಣ್ಣಗೆ ತಗ್ಗಿತು, ಹಗ್ಗ ಒಮ್ಮೆ ನಡುಗಿತು, ದೋಣಿ ಗಾಳಿಯ ಕಡೆಗೆ ತಿರುಗಿ ಹಾಯಿಕಂಬ ನೇರವಾಯಿತು. ಹಿಂದಿನ ನೀರಿನಲ್ಲಿದ್ದ ಸುಳಿಗಳು ಸುಮ್ಮನಾದವು.

ಬಸವರಾಜು ಅಷ್ಟರಲ್ಲಿ ಪಂಜರಕ್ಕೂ ದೋಣಿಗೂ ನಡುವೆ ತನ್ನ ಹರಿಗೋಲನ್ನು ತಂದು ನಿಲ್ಲಿಸಿದ್ದ, ಕಾಲಿನಿಂದ ತಡೆಯುವವನಂತೆ. ಅವನ ಕಾಲಿಗೆ ಏನೂ ತಾಕಲಿಲ್ಲ. ನಾನು ದೋಣಿಯ ಹಿಂಬದಿಗೆ ಬಂದು ಟೇಪಿನ ತುದಿ ಅವನಿಗೆ ಕೊಟ್ಟೆ. ಚೌಕಟ್ಟಿಗೆ ಹಿಡಿದ. ನಾನು ಗಾಳಿ ಪೂರ್ತಿ ಬೀಸುವವರೆಗೆ ಕಾದು ಓದಿ ಹೇಳಿದೆ. ಗಂಟೆ 6.48.

"ಈಗ ನಿಂತೈತೆ," ಎಂದ ಬಸವರಾಜು. "ಟೀ ಕುಡುದ್ ಬಂದು ಇನ್ನೊಂದಪ ಅಳೀರಿ. ಆಗ್ಲೂ ಅಲ್ಲೇ ಇದ್ರೆ ನಿಂತೈತೆ ಅಂತೀನಿ."

ನ್ಯಾಯವಾದ ಮಾತು. ಯಾವ ಅಳತೆಯನ್ನೂ ಒಂದೇ ಸಲಕ್ಕೆ ನಂಬಬಾರದೆಂದು ನನಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು.

ಅಂಗಡಿಯ ಬೆಂಚಿನ ಮೇಲೆ ಮೂವರೂ ದೋಣಿಯ ಕಡೆ ಮುಖ ಮಾಡಿ ಕೂತೆವು. ಕಾಂತರಾಜು ಡ್ರಮ್ ತೆಪ್ಪದ ವಿಷಯ ಬಸವರಾಜುವಿಗೆ ಹೇಳಿದ, ನನಗೆ ಹೇಳಿದಷ್ಟೇ ಮಾತಿನಲ್ಲಿ. ಬಸವರಾಜು ಲೋಟ ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಅವತ್ತು ತೆಪ್ಪದ ಹಗ್ಗ ಕುಯ್ದೋನು ನಾನೇ. ಪಂಜರದಿಂದ ಬಿಡಿಸ್ಬೇಕಿತ್ತಲ್ಲ." ದೋಣಿಯ ಕಡೆ ನೋಡುತ್ತ ಹೇಳಿದ, "ಬಿಗಿಯಾಗಿತ್ತು ಕಣ್ಲಾ. ನೆಟ್ಟಗೆ ಕೆಳೀಕೆ ಇಳಿಬಿದ್ದಿತ್ತು. ಏನೋ ಭಾರ ಐತೆ ಅನ್ನುಸ್ತು. ಕುಯ್ದ ತಕ್ಷಣ ಗುಳುಂ ಅಂತ ಓಯ್ತು."

ಪುಟ್ಟತಾಯಮ್ಮ ಟೀ ಸೋಸುವ ಬಟ್ಟೆಯನ್ನು ಹಿಂಡಿದರು. "ಎಲ್ಡು ವರ್ಸ ಬೇಕಾಯ್ತಲ್ಲ ಬಸ್ರಾಜ, ಇದನ್ನ ಯೋಳಕ್ಕೆ."

"ನೆಪ್ಪಿತ್ತು ಕಣವ್ವ. ಅದ್ರ ಅರ್ಥ ಗೊತ್ತಿರ್ನಿಲ್ಲ."

ನನ್ನ ಪುಸ್ತಕದ ಆ ಎರಡು ಸಾಲುಗಳ ಪುಟ ನೆನಪಾಯಿತು.

ಫೋನ್ ಬಂತು, ರಜನೀಶ್. ನಡೆದುದನ್ನು ಹೇಳಿದೆ. "ಎಷ್ಟು ಏರಿದೆ?" ಎಂದ. "ಹತ್ತಿರಹತ್ತಿರ ಎರಡು ಮೀಟರ್." ಆಮೇಲೆ, "ಹಗ್ಗಕ್ಕೆ ಏನು ಸೇರಿಸಿದ್ರಿ?" ಎಂದ. ನಾನು ಫೋನನ್ನು ಕಾಂತರಾಜುವಿಗೆ ಕೊಟ್ಟೆ.

"ಬಾವಿ ಹಗ್ಗ ಸಾ," ಎಂದ ಅವನು. "ರಾಟೆ ತಂದಿಲ್ಲ."

ಬಸವರಾಜು ಟೀ ನೆತ್ತಿಗೇರಿ ಕೆಮ್ಮಿದ.

7 ಗಂಟೆ 35 ನಿಮಿಷಕ್ಕೆ ಮತ್ತೆ ಹೋದೆವು. ನೀರು ಅಷ್ಟರಲ್ಲಿ ಇನ್ನೂ ಹನ್ನೊಂದು ಸೆಂಟಿಮೀಟರ್ ಏರಿತ್ತು. ಗಾಳಿ ಹಾಗೆಯೇ ಇತ್ತು. ಈ ಸಲ ಟೇಪಿನ ತುದಿ ಕೊಡಬೇಕಾಗಲಿಲ್ಲ, ಬಸವರಾಜು ತಾನೇ ಕೈ ಚಾಚಿ ತೆಗೆದುಕೊಂಡು ಚೌಕಟ್ಟಿನ ಅದೇ ಬೋಲ್ಟಿಗೆ ಹಿಡಿದ. ಕಾಂತರಾಜು ದೋಣಿಯ ಮೂತಿಯಲ್ಲಿ ಬೆನ್ನು ತಿರುಗಿಸಿ ನಿಂತು, ಹಗ್ಗದ ಮೇಲೆ ಅಂಗೈ ಇಟ್ಟಿದ್ದ.

"ಎಷ್ಟು ಮೇಡಂ?" ತಿರುಗದೆಯೇ ಕೇಳಿದ.

ಮೊದಲ ಸಲ ಇದ್ದಷ್ಟೇ ಇತ್ತು. 2.3 ಮೀಟರ್.